ಒಡೆಯನಿಲ್ಲದ ದುಡಿಮೆಗಾರ: ಶಂಕರ್‌ನಾಗ್ ಅಭಿನಯ ಜೀವನ ಮತ್ತು ಆಟೋ ನಿಲ್ದಾಣದ ಓದು

ಬೆಂಗಳೂರಿನಿಂದ ಮಂಗಳೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯು ಹಾಸನವನ್ನು ದಾಟಿ, ಬಾಳ್ಳುಪೇಟೆಯ ಮೂಲಕ ಸಕಲೇಶಪುರವನ್ನು ಸೇರಿ, ಅಲ್ಲಿ ಹೇಮಾವತಿಯನ್ನು ಹಾಯ್ದು ದೋಣಿಗಲ್ಲಿನತ್ತ ಹೋಗುತ್ತದೆ. ದೋಣಿಗಲ್ಲಿನಿಂದ ಮುಂದೆ ಶಿರಾಡಿ ಘಟ್ಟ. ರೈಲುಹಾದಿಯೂ ಇಲ್ಲಿಂದಲೇ ಸುರಂಗ ಸೇತುವೆಗಳ ಮೂಲಕ ಕೆಳಗಿಳಿಯುತ್ತದೆ. ಮಂಜರಾಬಾದಿನ ಕೋಟೆ ಹತ್ತಿರದ ಗುಡ್ಡದ ನೆತ್ತಿಯಿಂದ ಈ ಹಾದಿಯನ್ನು ಕಾಯುವಂತೆ ನಿಂತಿದೆ. ಹೀಗೆ ದಾರಿಯೇ ಬದುಕಾಗಿರುವ ಸೀಮೆ ಇದು. ಈ ದಾರಿಯ ಮೇಲೆ, ರಾಜ್ಯದ ಉಳಿದೆಲ್ಲ ಕಡೆ ಇರುವಂತೆ, ಬಸ್ ನಿಲ್ದಾಣದ ಮಗ್ಗುಲಲ್ಲಿ ಆಟೋ ನಿಲ್ದಾಣಗಳಿರುತ್ತವೆ. ಕರ್ನಾಟಕದಲ್ಲಿ ಆಟೋ ನಿಲ್ದಾಣವಿರುವಲ್ಲಿ ಶಂಕರ್‌ನಾಗ್ ಅವರ ಹೆಸರಾಗಲಿ ಚಿತ್ರವಾಗಲಿ ಇಲ್ಲದಿರುವುದು ಅಪರೂಪ. ಫಲಕದ ಮೇಲೆ, ಗಾಡಿಯ ಬೆನ್ನಿನ ಮೇಲೆ, ರಾಜ್ಯೋತ್ಸವದ ಮೆರವಣಿಗೆಯಲ್ಲಿ ಭುವನೇಶ್ವರಿಯ ಪಟದ ಪಕ್ಕದಲ್ಲಿ ಆ ಮುಖ ಕಾಣಿಸಿಕೊಳ್ಳುತ್ತದೆ. ಆತ ತೀರಿಕೊಂಡದ್ದು 1990ರಲ್ಲಿ. ಇಂದು ಆಟೋ ಓಡಿಸುವವರಲ್ಲಿ ಅನೇಕರು ಆಗಿನ್ನೂ ಹುಟ್ಟಿರಲಿಲ್ಲ.

ಕನ್ನಡ ಚಲನಚಿತ್ರ ವಿಮರ್ಶೆಯು ಈ ಸಂಗತಿಯನ್ನು ಅಭಿಮಾನದ ಅತಿರೇಕವೆಂದು ಬದಿಗೆ ಸರಿಸಿದೆ ಅಥವಾ ಭಾವುಕವಾಗಿ ಕೊಂಡಾಡಿದೆ. ಎರಡೂ ನಿಲುವುಗಳಲ್ಲಿ ಒಂದು ಸಮಾನ ಗ್ರಹಿಕೆಯಿದೆ. ಶಂಕರ್‌ನಾಗ್ ಅವರ ನಿಜವಾದ ಸಾಧನೆ ಇರುವುದು ‘ಒಂದಾನೊಂದು ಕಾಲದಲ್ಲಿ’, ‘ಮಿಂಚಿನ ಓಟ’, ‘ಆಕ್ಸಿಡೆಂಟ್’, ‘ಮಾಲ್ಗುಡಿ ಡೇಸ್’ಗಳಲ್ಲಿ, ಆಟೋ ಚಾಲಕರು ಹಿಡಿದಿರುವುದು ಆ ಸಾಧನೆಯ ಹೊರಗಿನ, ಅಷ್ಟೇನೂ ಮಹತ್ವವಿಲ್ಲದ ಒಂದು ಜನಪ್ರಿಯ ಚಿತ್ರವನ್ನು ಎಂಬುದೇ ಆ ಗ್ರಹಿಕೆ. ಇದು ಮರುಪರಿಶೀಲನೆಗೆ ಯೋಗ್ಯವಾದುದು. ಮೌಖಿಕ ಪರಂಪರೆಯಲ್ಲಿ ಸಮುದಾಯವು ಒಬ್ಬ ವೀರನ ಬದುಕಿನಿಂದ ಯಾವುದನ್ನು ಉಳಿಸಿಕೊಳ್ಳುತ್ತದೆ, ಯಾವುದನ್ನು ಕೈಬಿಡುತ್ತದೆ ಎಂಬುದು ಆಕಸ್ಮಿಕವಲ್ಲ. ಆ ಆಯ್ಕೆಯೇ ಒಂದು ಬಗೆಯ ವಿಮರ್ಶೆ. ಆಟೋ ನಿಲ್ದಾಣವು ಮಾಡಿರುವ ಆಯ್ಕೆಯನ್ನು ಹೀಗೆ ವಿಮರ್ಶೆಯೆಂದು ಓದಿದರೆ, ಸುಮಾರು 12 ವರ್ಷಗಳಲ್ಲಿ ಸುಮಾರು 80 ಚಿತ್ರಗಳಲ್ಲಿ ಚದುರಿಹೋಗಿರುವ ಈ ನಟನ ಅಭಿನಯ ಜೀವನಕ್ಕೆ ಒಂದು ಎಳೆ ಸಿಗುತ್ತದೆ. ಒಡೆಯನಿಗೆ ಸಲ್ಲದ, ತನ್ನ ಕಸುಬಿಗೆ ಮಾತ್ರ ಸಲ್ಲುವ ದುಡಿಮೆಗಾರನ ಎಳೆ ಅದು.

ಜೀವನ ವಿವರಗಳು ಪರಿಚಿತವೇ. 1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ ಜನನ, ಮನೆಮಾತು ಕೊಂಕಣಿ, ಮುಂಬಯಿಯಲ್ಲಿ ಬ್ಯಾಂಕಿನ ಕೆಲಸ, ಮರಾಠಿ ರಂಗಭೂಮಿಯ ಒಡನಾಟ, ಅಣ್ಣ ಅನಂತನಾಗ್ ಅದಾಗಲೇ ಚಿತ್ರರಂಗದಲ್ಲಿದ್ದರು. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಗಂಡುಗಲಿಯ ಪಾತ್ರ ದೊರೆಯಿತು. ಮರುವರ್ಷ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದೇ ಪಾತ್ರಕ್ಕೆ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಮೊದಲ ಪಾತ್ರಕ್ಕೇ ಇಂಥ ಮನ್ನಣೆ ಪಡೆದ ನಟ ಅನಂತರ ಹಿಡಿದ ದಾರಿ ವಿಮರ್ಶಕರನ್ನು ಗೊಂದಲಕ್ಕೀಡುಮಾಡಿದ್ದು ಸಹಜ.

ಆದರೆ ಆ ಮೊದಲ ಪಾತ್ರದಲ್ಲಿಯೇ ಮುಂದಿನದರ ಬೀಜವಿದೆ. ‘ಒಂದಾನೊಂದು ಕಾಲದಲ್ಲಿ’ ಎಂಬ ಶೀರ್ಷಿಕೆ ಅಜ್ಜಿಕಥೆಯ ಮೊದಲ ಮಾತು. ಕಥೆಯ ಕಾಲ ಮಾತ್ರ ಅಷ್ಟು ಅಸ್ಪಷ್ಟವಲ್ಲ. ಅದು ಹೊಯ್ಸಳರ ಕಾಲದ ಕರ್ನಾಟಕ. ಪರಸ್ಪರ ವೈರಿಗಳಾದ ಪಾಳೆಯಗಾರ ಸೋದರರ ನಡುವಿನ ಕಾದಾಟಕ್ಕೆ ಬಂದು ಸೇರುವ ಕೂಲಿಯೋಧ ಗಂಡುಗಲಿ. ಅಕಿರ ಕುರೊಸಾವನ ಸಮುರಾಯ್ ಚಿತ್ರಗಳಿಗೆ ಈ ಚಿತ್ರ ಋಣಿಯಾಗಿರುವುದು ಎಲ್ಲರಿಗೂ ಗೊತ್ತಿದೆ. ಒಡೆಯನನ್ನು ಕಳೆದುಕೊಂಡ ಸಮುರಾಯಿಗೆ ಜಪಾನೀ ಭಾಷೆಯಲ್ಲಿ ರೋನಿನ್ ಎಂಬ ಹೆಸರಿದೆ. ಕನ್ನಡದಲ್ಲಿ ಅದಕ್ಕೆ ಸರಿಯಾದ ಪದವಿಲ್ಲ. ಇಲ್ಲದಿರುವುದಕ್ಕೆ ಕಾರಣವೂ ಇದೆ.

ಹೊಯ್ಸಳರ ನಾಡಿನ ವೀರನ ಕಲ್ಪನೆಯು ಒಡೆಯನ ಸುತ್ತಲೇ ಕಟ್ಟಿಕೊಂಡಿದ್ದು. ಉಂಡ ಅನ್ನದ ಋಣ ತೀರಿಸಲು ಪ್ರಾಣ ಕೊಡುವ ಜೋಳವಾಳಿ, ಒಡೆಯನೊಡನೆಯೇ ಸಾಯುವುದಾಗಿ ಭಾಷೆ ಕೊಟ್ಟ ವೇಳೆವಾಳಿ, ಅದಕ್ಕೂ ಮಿಗಿಲಾದ ಗರುಡ — ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಈ ಪದ್ಧತಿಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಇದರ ಅತ್ಯಂತ ದಾರುಣ ಸಾಕ್ಷ್ಯ ಹಾಸನ ಜಿಲ್ಲೆಯಲ್ಲಿಯೇ ಇದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಸ್ತಂಭವು ಎರಡನೆಯ ವೀರಬಲ್ಲಾಳನ ಅಂಗರಕ್ಷಕ ಕುವರಲಕ್ಷ್ಮನ ನೆನಪಿನದು. ಒಡೆಯ ತೀರಿಕೊಂಡಾಗ ಆತ ತನ್ನವರೊಡನೆ ಪ್ರಾಣ ಬಿಟ್ಟನೆಂದು ಶಾಸನ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಉಬ್ಬುಚಿತ್ರಗಳು ಕಂಬದ ಮೇಲಿವೆ. ಪ್ರವಾಸಿಗರು ಸಾಮಾನ್ಯವಾಗಿ ದೇವಾಲಯದ ಮದನಿಕೆಯರನ್ನೂ ಆನೆಗಳ ಸಾಲನ್ನೂ ನೋಡಿ ಈ ಕಂಬವನ್ನು ನೋಡದೆಯೇ ಹೊರಟುಬಿಡುತ್ತಾರೆ.

ಗಂಡುಗಲಿ ಈ ಪರಂಪರೆಯ ಕಾಲದಲ್ಲಿದ್ದೂ ಅದರ ಹೊರಗಿನವನು. ಅವನದು ಕೂಲಿಯ ಕಾದಾಟ. ಒಡೆಯನ ಮಾತಿಗಿಂತ ತನ್ನ ಕೈಯ ಕತ್ತಿಯ ಮೇಲೆ ಅವನಿಗೆ ನಂಬಿಕೆ ಹೆಚ್ಚು. ಎದುರಾಳಿ ಪಡೆಯ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸು ಅವರ ದಪ್ಪ ಮೈಕಟ್ಟು, ಗಡಸು ದನಿ, ನಿಧಾನದ ಹೆಜ್ಜೆ ಹಳೆಯ ನಿಷ್ಠೆಯ ಲೋಕವನ್ನು ಹೊತ್ತು ನಿಂತರೆ, ಶಂಕರ್‌ನಾಗ್ ಅವರ ತೆಳುಮೈ ಎಲ್ಲಿಯೂ ನಿಲ್ಲುವುದಿಲ್ಲ. ಕಣ್ಣು ಮಾತಿಗಿಂತ ಮುಂಚೆ ಓಡುತ್ತದೆ. ಮಾತು ಒಡೆದ ದನಿಯಲ್ಲಿ ಅವಸರದಿಂದ ಬಂದು ಅರ್ಧಕ್ಕೇ ನಿಂತಂತೆ ತೋರುತ್ತದೆ. ಕಂಪನಿ ನಾಟಕಗಳಿಂದ ಬಂದ ಕನ್ನಡ ಚಿತ್ರನಟರಲ್ಲಿ ಮಾತು ಮೊದಲು, ದೇಹ ಅದರ ಹಿಂದೆ. ಇಲ್ಲಿ ಆ ಕ್ರಮ ತಲೆಕೆಳಗಾಗಿದೆ. ಇದನ್ನು ಕೆಲವರು ನಟನ ಕನ್ನಡ ಉಚ್ಚಾರಣೆಯ ಮಿತಿಯೆಂದಿದ್ದಾರೆ. ಮಿತಿ ಇದ್ದಿರಬಹುದು. ಆದರೆ ಕತ್ತಿ ಹಿಡಿಯುವಲ್ಲಿ, ಕುದುರೆಯ ಬಳಿ ನಿಲ್ಲುವಲ್ಲಿ, ಊಟಕ್ಕೆ ಕೂರುವಲ್ಲಿ ಕಸುಬುದಾರನ ಮೈಯೊಂದು ಕಾಣುತ್ತದೆ. ರಾಜನ ಪಾತ್ರಕ್ಕೆ ಬೇಕಾದ ಗಾಂಭೀರ್ಯ ಆ ಮೈಗೆ ಒದಗದು. ಬಹುಶಃ ಅದನ್ನು ಬಯಸಿಯೂ ಇರಲಿಲ್ಲ. ಡಾ. ರಾಜ್‌ಕುಮಾರ್ ಅವರನ್ನು ಪೌರಾಣಿಕ, ಐತಿಹಾಸಿಕ ದೊರೆಗಳ ಪಾತ್ರಗಳಲ್ಲಿ ಕಂಡು ಒಪ್ಪಿಕೊಂಡಿದ್ದ ಪ್ರೇಕ್ಷಕವರ್ಗಕ್ಕೆ ಇದು ಹೊಸ ಬಗೆಯ ನಾಯಕ.

1980ರಲ್ಲಿ ಎರಡು ಚಿತ್ರಗಳು ಬಂದವು. ಮೊದಲನೆಯದು ‘ಮಿಂಚಿನ ಓಟ’, ಸ್ವತಃ ನಿರ್ದೇಶಿಸಿದ ಮೊದಲ ಚಿತ್ರ. ಕಾರು ಕದಿಯುವವರ ಕಥೆ ಅದು. ಅನಂತನಾಗ್, ಲೋಕನಾಥ್ ಅವರೊಡನೆ ಶಂಕರ್‌ನಾಗ್ ನಟಿಸಿದ ಪಾತ್ರದ ಹೆಸರು ‘ಕತ್ತೆ’. ಕನ್ನಡ ಚಿತ್ರನಾಯಕನೊಬ್ಬ ಹೊರೆ ಹೊರುವ ಪ್ರಾಣಿಯ ಹೆಸರನ್ನು ಬೈಗುಳವಾಗಿ ಅಲ್ಲ, ಕರೆಯುವ ಹೆಸರಾಗಿಯೇ ಹೊತ್ತಿದ್ದನ್ನು ಅಡ್ಡಹೆಸರುಗಳ ಅಧ್ಯಯನ ಮಾಡುವವರು ಗಮನಿಸಬೇಕು. ಎರಡನೆಯದು ವಿಜಯ್ ನಿರ್ದೇಶನದ ‘ಆಟೋರಾಜ’. ರಾಜನ್–ನಾಗೇಂದ್ರರ ಸಂಗೀತ, ಗಾಯತ್ರಿ ನಾಯಕಿ. ಕಥೆ ಅಂದಿನ ಜನಪ್ರಿಯ ಚಿತ್ರಗಳ ಜಾಡಿನದೇ. ಅದರಲ್ಲಿ ಬೆರಗುಪಡುವಂಥದು ಏನೂ ಇಲ್ಲ. ಬೆರಗು ಇರುವುದು ಹೆಸರಿನಲ್ಲಿ ಮತ್ತು ಖಾಕಿ ಅಂಗಿಯಲ್ಲಿ. ‘ಆಟೋ’ ಮತ್ತು ‘ರಾಜ’ ಎರಡೂ ಸೇರಿದ ಈ ಸಮಾಸದಲ್ಲಿ ರಾಜನಿಗೆ ರಾಜ್ಯವಿಲ್ಲ, ಒಡೆಯನೂ ಇಲ್ಲ. ಇರುವುದು ಮೂರು ಗಾಲಿಯ ಒಂದು ಗಾಡಿ. ಪ್ರಯಾಣಿಕ ಹತ್ತಿದಷ್ಟು ಹೊತ್ತು ಅವನ ಗಿರಾಕಿ, ಇಳಿದ ಮೇಲೆ ಯಾರೋ. ಗಾಡಿ ಸ್ವಂತದ್ದಲ್ಲದಿದ್ದರೂ ದಿನದ ಬಾಡಿಗೆ ಕಟ್ಟಿದರೆ ಆಯಿತು; ಸಂಜೆಯ ಮೇಲೆ ಒಡೆಯನ ಮನೆಯ ಚಾಕರಿಯಿಲ್ಲ. ಕೂಲಿಯೋಧ ಗಂಡುಗಲಿಗೂ ಆಟೋ ಚಾಲಕನಿಗೂ ನಡುವೆ ಇರುವ ದೂರ ವಿಮರ್ಶಕರು ಭಾವಿಸಿದಷ್ಟು ಹೆಚ್ಚಿನದಲ್ಲ. ಕಲಾತ್ಮಕ, ವ್ಯಾಪಾರಿ ಎಂಬ ಗೋಡೆಯನ್ನು ನಡುವೆ ಎಬ್ಬಿಸಿದ್ದರಿಂದ ಎರಡೂ ಪಾತ್ರಗಳ ಒಂದೇ ನಡಿಗೆ ಅವರಿಗೆ ಕಾಣದೆ ಹೋಯಿತು. ಆಟೋ ಚಾಲಕರಿಗೆ ಆ ಗೋಡೆಯ ಹಂಗಿರಲಿಲ್ಲ.

ಈ ಎಳೆಯನ್ನು ಎಲ್ಲ ಚಿತ್ರಗಳಿಗೂ ಎಳೆದು ಕಟ್ಟುವುದು ತರವಲ್ಲ. 1980ರ ದಶಕದ ಹೊಡೆದಾಟದ ಚಿತ್ರಗಳಲ್ಲಿ ಬಹುಪಾಲು ಇಂದು ನೋಡಿಸಿಕೊಳ್ಳುವುದಿಲ್ಲ. ‘ಕರಾಟೆ ಕಿಂಗ್’ ಎಂಬ ಬಿರುದು ಆ ಚಿತ್ರಗಳ ಕೊಡುಗೆ. ವರ್ಷಕ್ಕೆ ಹಲವು ಚಿತ್ರಗಳಲ್ಲಿ ನಟಿಸುತ್ತ, ನಡುನಡುವೆ ನಿರ್ದೇಶಿಸುತ್ತ, ‘ಸಂಕೇತ್’ ತಂಡದ ನಾಟಕಗಳನ್ನು ಮಾಡಿಸುತ್ತ ಇದ್ದ ನಟನ ದಣಿವು ಅವುಗಳಲ್ಲಿ ಕಾಣುತ್ತದೆ. ಒಂದೇ ಹೊಡೆತ, ಒಂದೇ ಓಟ, ಒಂದೇ ನಗೆ. ಗಳಿಕೆಗಾಗಿ ನಟಿಸಿ, ಗಳಿಸಿದ್ದನ್ನು ತನಗೆ ಬೇಕಾದ ಕೆಲಸಕ್ಕೆ ಹಾಕಿದರೆಂಬ ಸಮರ್ಥನೆ ಪ್ರಚಲಿತವಿದೆ. ಅದು ನಿಜವೇ ಇರಲಿ. ನೋಡುವವನ ಎದುರು ಬರುವುದು ಸಮರ್ಥನೆಯಲ್ಲ, ಚಿತ್ರ. ಆದರೂ ಒಂದು ಮಾತು: ಕೂಲಿಗಾಗಿ ಕೆಲಸ ಮಾಡುವುದೆಂದರೇನೆಂದು ತಿಳಿದಿದ್ದ ನಟ ಈತ. ಬೇಡದ ಬಾಡಿಗೆಗೂ ಗಾಡಿ ಓಡಿಸಲೇಬೇಕಾದ ದಿನಗಳಿರುತ್ತವೆ ಎಂಬುದು ಚಾಲಕರಿಗೆ ಹೊಸ ಸುದ್ದಿಯಲ್ಲ.

ನಿರ್ದೇಶಿತ ಚಿತ್ರಗಳಲ್ಲಿ ‘ಗೀತಾ’ (1981) ಇಳಯರಾಜ ಅವರ ಸಂಗೀತದಿಂದ ಉಳಿದಿದೆ. ಸ್ಟೈನ್‌ಬೆಕ್‌ನ ‘ದಿ ಪರ್ಲ್’ ಆಧರಿಸಿ ರಾಜ್‌ಕುಮಾರ್ ಅವರನ್ನು ನಿರ್ದೇಶಿಸಿದ ‘ಒಂದು ಮುತ್ತಿನ ಕಥೆ’ (1987) ಬಡ ಮುಳುಗುಗಾರನ ಕೈಗೆ ಬಂದ ಮುತ್ತು ಅವನದಾಗಿ ಉಳಿಯದ ಕಥೆ. ಜನ ಅದನ್ನು ಕೈಹಿಡಿಯಲಿಲ್ಲ. ಇವುಗಳಿಗಿಂತ ಮುಖ್ಯವಾದುದು ‘ಆಕ್ಸಿಡೆಂಟ್’ (1985). ಕುಡಿದು ಕಾರು ಓಡಿಸುವ ರಾಜಕಾರಣಿಯ ಮಗ ರಸ್ತೆಬದಿಯಲ್ಲಿ ಮಲಗಿದ್ದ ದುಡಿಮೆಗಾರರ ಮೇಲೆ ಕಾರು ಹಾಯಿಸುತ್ತಾನೆ. ಅದನ್ನು ಮುಚ್ಚಿಹಾಕುವ ಯತ್ನದ ಎದುರು ನಿಲ್ಲುವ ಪತ್ರಕರ್ತನ ಪಾತ್ರ ಶಂಕರ್‌ನಾಗ್ ಅವರದು. ಸಾಮಾಜಿಕ ಸಮಸ್ಯೆಯ ಕುರಿತ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ರಸ್ತೆಯೆಂಬುದು ಎರಡು ವರ್ಗಗಳು ಮುಖಾಮುಖಿಯಾಗುವ ಜಾಗ. ಒಂದು ವರ್ಗ ಅಲ್ಲಿ ಓಡುತ್ತದೆ, ಇನ್ನೊಂದು ಅಲ್ಲಿ ಮಲಗುತ್ತದೆ. ರಾತ್ರಿ ಬಾಡಿಗೆ ಹೊಡೆಯುವ ಚಾಲಕ ಇವೆರಡನ್ನೂ ದಿನವೂ ನೋಡುವವನು. ಆದರೂ ಆಟೋ ನಿಲ್ದಾಣದ ನೆನಪಿನಲ್ಲಿ ‘ಆಕ್ಸಿಡೆಂಟ್’ಗೆ ಜಾಗವಿಲ್ಲ. ಈ ಮರೆವಿನ ಮಾತು ಮುಂದೆ ಬರುತ್ತದೆ.

ದೂರದರ್ಶನಕ್ಕಾಗಿ ಟಿ. ಎಸ್. ನರಸಿಂಹನ್ ನಿರ್ಮಿಸಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಅನ್ನು ಬಾಲ್ಯದ ಸವಿನೆನಪಿನ ಧಾರಾವಾಹಿಯೆಂದು ಮಾತ್ರ ನೋಡುವುದು ರೂಢಿ. ಮಳೆಯ ಆಗುಂಬೆ, ಮಾಸ್ಟರ್ ಮಂಜುನಾಥನ ಸ್ವಾಮಿ, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್. ಕೆ. ಲಕ್ಷ್ಮಣ್ ಅವರ ರೇಖೆಗಳು — ಇವೆಲ್ಲ ಸೇರಿ ಆ ನೋಟಕ್ಕೆ ಎಡೆಮಾಡಿಕೊಟ್ಟಿವೆ. ಆದರೆ ಆರ್. ಕೆ. ನಾರಾಯಣರ ಕಥೆಗಳಲ್ಲಿ ಸ್ವಾಮಿಯಷ್ಟೇ ಮುಖ್ಯರಾದವರು ಸಣ್ಣ ದುಡಿಮೆಯ ಜನ. ‘ದಿ ಮಿಸ್ಸಿಂಗ್ ಮೇಲ್’ ಕಥೆಯ ಅಂಚೆಯಾತ, ಮನೆಯೊಂದರ ಮದುವೆ ಕೆಡಬಾರದೆಂದು ಸಾವಿನ ಸುದ್ದಿಯ ಕಾಗದವನ್ನು ತಡೆಹಿಡಿಯುತ್ತಾನೆ. ಸರ್ಕಾರದ ನೌಕರ ತನ್ನ ಬೀದಿಯವರ ನೆಂಟನಾಗಿ ನಿಯಮ ಮುರಿಯುತ್ತಾನೆ. ‘ಫಾರ್ಟಿ-ಫೈವ್ ಎ ಮಂತ್’ ಕಥೆಯ ಗುಮಾಸ್ತ ವೆಂಕಟರಾವ್, ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವುದಾಗಿ ಮಾತು ಕೊಟ್ಟು, ಕೆಲಸವನ್ನೇ ಬಿಡಲು ನಿರ್ಧರಿಸಿ, ಸಂಬಳ 40ರಿಂದ 45 ರೂಪಾಯಿಗೆ ಏರಿತೆಂಬ ಒಂದೇ ಕಾರಣಕ್ಕೆ ಮತ್ತೆ ಕುರ್ಚಿಗೆ ಮರಳುತ್ತಾನೆ. ಮಗು ಕಾದು ಕಾದು ಮಲಗಿರುತ್ತದೆ. ಜೋಳವಾಳಿಯ ಸಂಬಂಧ ಇಪ್ಪತ್ತನೆಯ ಶತಮಾನದ ಕಚೇರಿಯಲ್ಲಿ ಹೀಗೆ ಐದು ರೂಪಾಯಿಗೆ ಇಳಿದಿದೆ. ಪರದೆಯ ಮೇಲೆ ಗಂಡುಗಲಿಯೂ ಆಟೋರಾಜನೂ ಆಗಿದ್ದ ನಟ, ಕ್ಯಾಮೆರಾದ ಹಿಂದೆ ನಿಂತು ಒಡೆಯನನ್ನು ಬಿಡಲಾರದವರ ಕಥೆಗಳನ್ನು ಅಷ್ಟು ತಾಳ್ಮೆಯಿಂದ ಹೇಳಿದ್ದು ಈ ಎಳೆಯ ಇನ್ನೊಂದು ತುದಿ. ನಟನಲ್ಲಿ ಇಲ್ಲದ ನಿಧಾನ ನಿರ್ದೇಶಕನಲ್ಲಿ ಇತ್ತು.

ಮತ್ತೆ ಸಕಲೇಶಪುರ, ಆಲೂರಿನ ಗುಡ್ಡಗಳಿಗೆ ಬರಬೇಕು. 19ನೆಯ ಶತಮಾನದಲ್ಲಿ ಮಂಜರಾಬಾದು ಸೀಮೆಯಲ್ಲಿ ಯುರೋಪಿಯನ್ ಪ್ಲಾಂಟರುಗಳ ಕಾಫಿ ತೋಟಗಳು ಬೆಳೆದವು. ಬಯಲಿನಿಂದಲೂ ಘಟ್ಟದ ಕೆಳಗಿನಿಂದಲೂ ಮೇಸ್ತ್ರಿಗಳ ಮೂಲಕ ಮುಂಗಡ ಕೊಟ್ಟು ಆಳುಗಳನ್ನು ತರಿಸುವ ಪದ್ಧತಿ ಆಗ ಬೇರೂರಿತು. ತೋಟಗಳು ಕೈಬದಲಾದವು, ಕಾನೂನುಗಳು ಬಂದವು; ಆದರೂ ಲೈನ್ ಮನೆ, ಮೇಸ್ತ್ರಿ, ರೈಟರು, ಅವರ ಮೇಲೆ ಧಣಿ ಎಂಬ ಮೆಟ್ಟಿಲುಗಳ ಶಬ್ದಕೋಶ ಮಲೆನಾಡಿನ ಮಾತಿನಲ್ಲಿ ಉಳಿಯಿತು. ವಾಸದ ಮನೆಯೂ ಧಣಿಯದೇ ಆಗಿರುವಲ್ಲಿ ಕೆಲಸ ಬಿಡುವುದೆಂದರೆ ಸೂರು ಬಿಡುವುದು. ಇಂಥ ಸೀಮೆಯ ಸಂತೆಯ ಊರುಗಳಿಗೆ ಆಟೋ ಬಂದಾಗ ಅದು ಬರೀ ಸಾರಿಗೆಯ ಸಾಧನವಾಗಿ ಬರಲಿಲ್ಲ. ತೋಟದ ಮನೆಯಲ್ಲಿ ಹುಟ್ಟಿದವನೊಬ್ಬ ಯಾರ ಅಂಗಳದಲ್ಲೂ ಕೈಕಟ್ಟಿ ನಿಲ್ಲದೆ ದಿನದ ದುಡಿಮೆ ಕಾಣಬಹುದಾದ ಕೆಲವೇ ಕಸುಬುಗಳಲ್ಲಿ ಅದೂ ಒಂದಾಯಿತು. ಆ ಗಾಡಿಯ ಬೆನ್ನ ಮೇಲಿನ ಚಿತ್ರವನ್ನು ಬೆಂಗಳೂರಿನಲ್ಲಿ ಓದುವ ರೀತಿ ಬೇರೆ, ಇಲ್ಲಿ ಓದುವ ರೀತಿ ಬೇರೆ. ಬೆಂಗಳೂರಿನಲ್ಲಿ ಅದು ಭಾಷೆಯ ಗುರುತು. ಪರಭಾಷಿಕರ ನಡುವೆ ‘ಈ ಗಾಡಿ ಕನ್ನಡದ್ದು’ ಎಂದು ಹೇಳುವ ಚೀಟಿ. ಗುಡ್ಡದ ಊರುಗಳಲ್ಲಿ ಅದರ ಜೊತೆಗೆ ಧಣಿಯ ಜೀಪಿನ ಮುಂದೆ ನಿಂತ ಸಣ್ಣ ಗಾಡಿಯ ಠೀವಿಯೂ ಸೇರುತ್ತದೆ. ತೋಟದ ಆಳು ಧಣಿಯನ್ನು ಕರೆಯುವ ಮಾತಿಗೂ ‘ಶಂಕರಣ್ಣ’ ಎಂಬ ಮಾತಿಗೂ ಇರುವ ಅಂತರವನ್ನು ನೋಡಿದರೆ ಸಾಕು. ಸತ್ತ ನಟನನ್ನು ಸಮುದಾಯ ತನ್ನ ಓರಗೆಯ ಹಿರಿಯನನ್ನಾಗಿ ಮಾಡಿಕೊಂಡಿದೆಯೇ ಹೊರತು ದೊರೆಯನ್ನಾಗಿ ಅಲ್ಲ.

ಜನಪದವೆಂದರೆ ಹಳ್ಳಿಗರು, ನಿರಕ್ಷರಿಗಳು ಎಂಬ ಹಳೆಯ ವ್ಯಾಖ್ಯೆಯನ್ನು ಹಿಡಿದರೆ ಈ ಚರ್ಚೆಗೆ ಜಾನಪದ ಅಧ್ಯಯನದಲ್ಲಿ ಅವಕಾಶವೇ ಇಲ್ಲ. ಒಂದಾದರೂ ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ಜನಪದವೆಂದು ಅಲನ್ ಡಂಡಸ್ ಹೇಳಿದ ಮೇಲೆ ವೃತ್ತಿ ಜಾನಪದ, ನಗರ ಜಾನಪದಗಳು ಪಠ್ಯಕ್ರಮಗಳಲ್ಲಿ ಸೇರಿವೆ. ಸೇರಿದ ಮಾತ್ರಕ್ಕೆ ಕೆಲಸ ನಡೆದಂತಾಗದು. ಕಂಬಾರ, ಕುಂಬಾರ, ನೇಕಾರರ ವೃತ್ತಿಪದಗಳನ್ನು ಸಂಗ್ರಹಿಸಿದ ಶ್ರದ್ಧೆ ಆಟೋ, ಲಾರಿ ಚಾಲಕರ ನುಡಿಗಟ್ಟಿಗೆ, ಗಾಡಿಬರಹಕ್ಕೆ, ಚಿತ್ರಗಳಿಗೆ ಸಂದಿಲ್ಲ. ಕೈಯಿಂದ ಬರೆದ ಚಿತ್ರಗಳ ಜಾಗವನ್ನು ಅಚ್ಚಾದ ಸ್ಟಿಕ್ಕರುಗಳು ಆಕ್ರಮಿಸಿವೆ. ಬರೆಯುವವನ ಕೈಗೆ ತಕ್ಕಂತೆ ಬದಲಾಗುತ್ತಿದ್ದ ಮುಖ ಈಗ ಎಲ್ಲೆಡೆ ಒಂದೇ ಆಗುತ್ತಿದೆ. ಪಾಠಾಂತರಗಳು ಅಳಿದ ಮೇಲೆ ಸಂಗ್ರಹಕಾರನಿಗೆ ಉಳಿಯುವುದು ಮುದ್ರಿತ ಪ್ರತಿ ಮಾತ್ರ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನ ಬಳಿ ಹೆದ್ದಾರಿಯ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡಾಗ ಅವರಿಗೆ 36 ತುಂಬಿರಲಿಲ್ಲ. ಅಕಾಲ ಮರಣ, ಅದೂ ದಾರಿಯಲ್ಲಿ. ಜನಪದ ನಂಬಿಕೆಯಲ್ಲಿ ಹೀಗೆ ಸತ್ತವರು ಸುಮ್ಮನಿರುವುದಿಲ್ಲ. ಘಟ್ಟದ ಮೇಲೂ ಕೆಳಗೂ ಅಂಥವರಿಗೆ ಕಲ್ಲು ನೆಟ್ಟು ಎಡೆ ಇಡುವ ರೂಢಿ ಇದೆ. ಆಟೋ ಬೆನ್ನಿನ ಚಿತ್ರವನ್ನು ಚಲಿಸುವ ವೀರಗಲ್ಲು ಎನ್ನಬೇಕೆನಿಸುವುದು ಈ ಕಾರಣದಿಂದಲೇ. ಹೋಲಿಕೆ ಆಕರ್ಷಕವಾಗಿದೆ, ಆದರೆ ಒಂದು ಮುಖ್ಯ ಎಡೆಯಲ್ಲಿ ಅದು ಮುರಿದುಬೀಳುತ್ತದೆ. ವೀರಗಲ್ಲಿನ ಕೆಳಗಿನ ಹಂತದಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವರ ಸಾನ್ನಿಧ್ಯ. ಸಾವೇ ಅದರ ಕಥೆ. ಸಾವಿಲ್ಲದೆ ಕಲ್ಲೇ ಇಲ್ಲ. ಆಟೋದ ಚಿತ್ರದಲ್ಲಿ ಸಾವಿನ ಕುರುಹೇ ಇಲ್ಲ. ಒಡೆದ ಕಾರಿಲ್ಲ, ರಸ್ತೆಯಿಲ್ಲ. ಇರುವುದು ಬರೀ ಮುಖ. ಆಚರಣೆಗೂ ಮರಣದ ದಿನವನ್ನು ಆರಿಸಿಕೊಂಡಿಲ್ಲ. ಹಲವೆಡೆ ಚಾಲಕರು ಹುಟ್ಟುಹಬ್ಬದ ದಿನವಾದ ನವೆಂಬರ್ 9ನ್ನು ಚಾಲಕರ ದಿನವೆಂದು ಆಚರಿಸುತ್ತಾರೆ. ರಾಜ್ಯೋತ್ಸವದ ತಿಂಗಳೊಳಗೇ ಅದು ಬರುವುದರಿಂದ ಕಟ್ಟಿದ ತೋರಣಕ್ಕೆ, ಕೂಡಿಸಿದ ಚಂದಾಕ್ಕೆ ಎರಡು ಉಪಯೋಗ. ಯಾವುದೇ ಊರಹಬ್ಬದ ತಿಥಿಯ ಹಿಂದೆಯೂ ಇಂಥ ಅನುಕೂಲದ ಲೆಕ್ಕ ಇದ್ದೇ ಇರುತ್ತದೆ.

ದಿನವೂ ರಸ್ತೆಯ ಮೇಲಿರುವವರು ರಸ್ತೆಯಲ್ಲಿ ಸತ್ತವನ ಸಾವನ್ನು ಚಿತ್ರಿಸದಿರುವುದಕ್ಕೆ, ‘ಆಕ್ಸಿಡೆಂಟ್’ ಎಂಬ ಹೆಸರಿನ ಚಿತ್ರವನ್ನು ನೆನಪಿನಿಂದ ಹೊರಗಿಟ್ಟಿರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಶಿರಾಡಿಯ ತಿರುವುಗಳಲ್ಲಿ ಮಳೆಗಾಲದ ರಾತ್ರಿ ಗಾಡಿ ಇಳಿಸುವವನ ಮುಂದೆ ಆ ಹೆಸರನ್ನು ಎತ್ತಿ ನೋಡಿದರೆ ತಿಳಿದೀತು. ಕೆಲವು ಮಾತುಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಆಡದಿರುವುದು ಎಲ್ಲ ಅಪಾಯದ ಕಸುಬುಗಳ ಕಟ್ಟುಪಾಡು.

ನಾಯಕನ ಸುತ್ತ ಐತಿಹ್ಯಗಳೂ ಬೆಳೆದಿವೆ. ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂದು ಮೊದಲು ಕನಸು ಕಂಡವರು ಶಂಕರ್‌ನಾಗ್ ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. 2011ರಲ್ಲಿ ‘ನಮ್ಮ ಮೆಟ್ರೋ’ ಓಡತೊಡಗಿದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂದಿತು. ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಕಲ್ಪನೆ ಎಂದು ಬಿಡಿಸುವುದಕ್ಕಿಂತ ಇದನ್ನು ಯಾರು ಹೇಳುತ್ತಾರೆಂದು ನೋಡುವುದು ಉಪಯುಕ್ತ. ಮೆಟ್ರೋ ಬಂದರೆ ಗಿರಾಕಿ ಕಳೆದುಕೊಳ್ಳುವವನು ಆಟೋ ಚಾಲಕ. ಅವನೇ ಈ ಕಥೆಯನ್ನು ಹೆಮ್ಮೆಯಿಂದ ಹೇಳುವುದುಂಟು! ಐತಿಹ್ಯಗಳಲ್ಲಿ ಲಾಭನಷ್ಟದ ತರ್ಕ ನಡೆಯುವುದಿಲ್ಲ. ಊರಿಗೆ ಕೆರೆ ಕಟ್ಟಿಸಿದವನ ಕಥೆಯನ್ನು ಕೆರೆಯಲ್ಲಿ ಹೊಲ ಮುಳುಗಿದವರೂ ಹೇಳುತ್ತಾರೆ.

ಇಷ್ಟು ಹೇಳಿದ ಮೇಲೆ ಈ ಓದಿಗೆ ಎದುರಾಗುವ ತೊಡಕುಗಳನ್ನೂ ಮುಚ್ಚಿಡಬಾರದು. ‘ಸಾಂಗ್ಲಿಯಾನ’ (1988) ಮತ್ತು ಅದರ ಮುಂದಿನ ಭಾಗ ನಿಜ ಪೊಲೀಸ್ ಅಧಿಕಾರಿಯೊಬ್ಬರ ಹೆಸರನ್ನೇ ಹೊತ್ತು ಬಂದವು, ಪಿ. ನಂಜುಂಡಪ್ಪ ನಿರ್ದೇಶನದ ಈ ಚಿತ್ರಗಳು ‘ಆಟೋರಾಜ’ನಷ್ಟೇ ಜನಪ್ರಿಯ. ಪೊಲೀಸ್ ಅಧಿಕಾರಿಯಂತೂ ಒಡೆಯನಿಲ್ಲದವನಲ್ಲ. ಅವನು ಪ್ರಭುತ್ವದ ಕೈ, ಆಟೋ ಚಾಲಕನಿಗೆ ದಿನವೂ ದಂಡ ಹಾಕುವ ಕೈ. ಎರಡು ಖಾಕಿಗಳು ಬೀದಿಯಲ್ಲಿ ಎದುರುಬದುರು ನಿಲ್ಲುತ್ತವೆ, ಒಬ್ಬ ನಟನ ಮೈಮೇಲೆ ಮಾತ್ರ ಒಂದಾಗಿವೆ. ಇದನ್ನು ದುಡಿಮೆಗಾರನ ಸ್ವಾಭಿಮಾನದ ಎಳೆಗೆ ಸೇರಿಸಲು ಹೋದರೆ ವಾದ ಜಾಣತನವಾಗುತ್ತದೆ. ಜನರ ಆಯ್ಕೆಯಲ್ಲಿ ಬಲವನ್ನು ಮೆಚ್ಚುವ ಗುಣವೂ ಇದೆಯೆಂದು ಒಪ್ಪುವುದೇ ಸರಿ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಆಟೋ ನಿಲ್ದಾಣ ಗಂಡಸರ ಲೋಕ. ಅದು ಉಳಿಸಿಕೊಂಡ ಶಂಕರ್‌ನಾಗ್ ಒಬ್ಬಂಟಿ ನಾಯಕ. ಅವರ ಕೆಲಸವಾದರೋ ಒಬ್ಬಂಟಿಯದಾಗಿರಲಿಲ್ಲ. ‘ಸಂಕೇತ್’ ತಂಡದಲ್ಲಿ ಅರುಂಧತಿ ನಾಗ್, ರಮೇಶ್ ಭಟ್ ಮೊದಲಾದವರ ದುಡಿಮೆ ಕೂಡಿತ್ತು. ಮುಂದೆ ಅರುಂಧತಿ ನಾಗ್ ಅವರು ವರ್ಷಗಟ್ಟಲೆ ಓಡಾಡಿ ಕಟ್ಟಿದ ‘ರಂಗಶಂಕರ’ 2004ರಲ್ಲಿ ಬೆಂಗಳೂರಿನ ಜೆ. ಪಿ. ನಗರದಲ್ಲಿ ಬಾಗಿಲು ತೆರೆಯಿತು. ಒಬ್ಬನೇ ನಟನಿಗೆ ಎರಡು ಸ್ಮಾರಕಗಳು: ಒಂದು ನಾಟಕ ನೋಡುವವರದು, ಇನ್ನೊಂದು ಅವರನ್ನು ಅಲ್ಲಿಗೆ ಕರೆತಂದು ಬಾಗಿಲಲ್ಲಿ ಇಳಿಸಿ ಹೋಗುವವರದು. ಮೊದಲನೆಯವರು ಮೀಟರಿನ ದುಡ್ಡು ಕೊಟ್ಟು ಒಳಗೆ ಹೋಗುತ್ತಾರೆ. ಎರಡನೆಯವರ ಗಾಡಿಯ ಬೆನ್ನಿನ ಮೇಲೆ ಅದೇ ಮುಖವಿರುತ್ತದೆ. ವಿಮರ್ಶೆ ಇಷ್ಟು ಕಾಲ ಕುಳಿತದ್ದು ಒಳಗಿನ ಆಸನದಲ್ಲಿ.

ಶಂಕರ್‌ನಾಗ್ ಅವರ ಕೊನೆಯ ವರ್ಷಗಳ ಕೆಲಸ ಜನಪದ ಮೂಲದ ಕೃತಿಗಳ ಕಡೆಗೆ ಹೊರಳಿತ್ತೆಂಬುದನ್ನು ಇಲ್ಲಿ ದಾಖಲಿಸಬೇಕು. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳ ಮೇಲೆ ಕಾರ್ನಾಡರು ಬರೆದ ‘ನಾಗಮಂಡಲ’ವನ್ನು ಅವರು ರಂಗಕ್ಕೆ ತಂದರು. ತೀರಿಕೊಂಡಾಗ ಹೊರಟಿದ್ದು ‘ಜೋಕುಮಾರಸ್ವಾಮಿ’ ಚಿತ್ರದ ಚಿತ್ರೀಕರಣಕ್ಕೆ. ಚಂದ್ರಶೇಖರ ಕಂಬಾರರ ಆ ನಾಟಕದಲ್ಲಿ ಉತ್ತವನದೇ ಹೊಲವೆಂದು ಗೌಡನ ಎದುರು ನಿಲ್ಲುವ ಬಸಣ್ಣನಿದ್ದಾನೆ, ಅವನ ಕೊಲೆಯಿದೆ. ನಾಟಕದ ಹಿಂದೆ ಭಾದ್ರಪದದ ಜೋಕುಮಾರನ ಆಚರಣೆಯಿದೆ. ಮಣ್ಣಿನಲ್ಲಿ ಮಾಡಿದ ಮೂರ್ತಿಯನ್ನು ಹೆಣ್ಣುಮಕ್ಕಳು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ಹಾಡುತ್ತಾರೆ. ಮನೆಯವರು ಕಾಳು ಕೊಟ್ಟು ಅವನ ಬಾಯಿಗೆ ಬೆಣ್ಣೆ ಸವರುತ್ತಾರೆ. ಏಳು ದಿನ ಮೆರೆದವನನ್ನು ಕಡೆಗೆ ಕೊಲ್ಲುತ್ತಾರೆ, ಅವನ ಸಾವಿನಿಂದ ಮಳೆಬೆಳೆ ಎಂದು ನಂಬುತ್ತಾರೆ. ಅಲ್ಪಾಯುಷಿ ನಟನ ಸಾವಿಗೂ ಈ ಆಚರಣೆಗೂ ಗಂಟುಹಾಕುವ ಆಸೆ ಬರಹಗಾರರಿಗೆ ಬರುವುದು ಸಹಜ, ಬಂದಿದೆ ಕೂಡ. ಅದು ಸಾಹಿತಿಗಳು ಕಟ್ಟಿದ ಕಥೆ. ಆಟೋ ನಿಲ್ದಾಣಗಳಲ್ಲಿ ಜೋಕುಮಾರನ ಹೆಸರಿಲ್ಲ. ಅಲ್ಲಿ ಉಳಿದಿರುವುದು 1980ರ ಒಂದು ಚಿತ್ರದ ಹೆಸರು, ಒಂದು ಮುಖ, ಅದರ ಕೆಳಗೆ ‘ಅಣ್ಣ’ ಎಂಬ ಎರಡಕ್ಷರ.